ಆಡಳಿತದ ನಿಷ್ಪಕ್ಷಪಾತವೂ ನಮ್ಮ ಶಿಫಾರಸುಗಳೂ

ತಕ್ಕಡಿಗೆ ತನ್ನವರೆಂಬುದಿಲ್ಲ. ಸಂತೆಗೆ ಬಂದವನು ಅಂಗಡಿಕಾರನನ್ನು ನಂಬದಿದ್ದರೂ ತಕ್ಕಡಿಯನ್ನು ನಂಬುತ್ತಾನೆ; ತಕ್ಕಡಿಯ ಮೇಲಣ ನಂಬಿಕೆಯೂ ಹೋದ ದಿನ ಸಂತೆಯೇ ನಿಂತುಹೋಗುತ್ತದೆ. ಒಂದು ರಾಷ್ಟ್ರದ ಆಡಳಿತಸೇವೆಯೂ ಇಂಥದೇ ಒಂದು ತಕ್ಕಡಿ. ಮಂತ್ರಿಮಂಡಲಗಳು ಬರುತ್ತವೆ, ಹೋಗುತ್ತವೆ. ಪಕ್ಷಗಳು ಏಳುತ್ತವೆ, ಬೀಳುತ್ತವೆ. ಆದರೆ ಉತಾರ ಬರೆದುಕೊಡುವ, ಪಿಂಚಣಿ ಮಂಜೂರು ಮಾಡುವ, ಹೊಲದ ಗಡಿಯನ್ನು ಅಳೆಯುವ ಕೈ ಮಾತ್ರ ನಿನ್ನೆ ಇದ್ದಂತೆ ಇಂದೂ, ಅವನಿಗಿದ್ದಂತೆ ಇವನಿಗೂ ಸಮನಾಗಿರಬೇಕೆಂದು ಪ್ರಜೆ ಅಪೇಕ್ಷಿಸುತ್ತಾನೆ. ಈ ಅಪೇಕ್ಷೆ ಎಲ್ಲಿ ಭಂಗವಾಗುತ್ತಿದೆ, ಅದರಲ್ಲಿ ನಮ್ಮ ಪಾಲೆಷ್ಟು ಎಂಬುದನ್ನು ಸದ್ಭಕ್ತರೊಡನೆ ವಿಚಾರಿಸುವುದೇ ಈ ಲೇಖನದ ಉದ್ದೇಶ.

೨೦೧೯ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆಯೂ ಅವಳನ್ನು ಕೂಡುವ ದೂಧಗಂಗಾ, ವೇದಗಂಗಾ ನದಿಗಳೂ ಉಕ್ಕಿ ಹರಿದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ನದೀತೀರದ ಊರುಗಳನ್ನು ನೀರುಪಾಲು ಮಾಡಿದುದು ಯಾರಿಗೂ ಮರೆತಿಲ್ಲ. ಕುಡಚಿ-ಉಗಾರಗಳ ನಡುವಣ ಸೇತುವೆಯೇ ಮುಳುಗಿಹೋಗಿತ್ತು. ಸರಕಾರವು ಸಂತ್ರಸ್ತ ಕುಟುಂಬಗಳಿಗೆ ತುರ್ತು ಪರಿಹಾರವಾಗಿ ೧೦,೦೦೦ ರೂಪಾಯಿಗಳನ್ನೂ, ಪೂರ್ತಿ ಬಿದ್ದ ಮನೆಗಳಿಗೆ ೫ ಲಕ್ಷ ರೂಪಾಯಿಗಳನ್ನೂ ಘೋಷಿಸಿತು. ಹಾನಿಯ ಪ್ರಮಾಣಕ್ಕನುಸಾರವಾಗಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ನೀರಿಳಿದ ಕೆಲವು ವಾರಗಳ ಮೇಲೆ ನಾವು ಉಗಾರ ಬುದ್ರುಕಕ್ಕೆ ಹೋಗಿದ್ದಾಗ, ಅರ್ಧ ಕುಸಿದ ಗೋಡೆಯ ಮುಂದೆ ಕುಳಿತಿದ್ದ ವೃದ್ಧರೊಬ್ಬರು ನಮಸ್ಕರಿಸಿ ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ: "ನಮ್ಮ ಮನಿ 'ಸಿ' ಅಂತ ಬರದಾರ್ರೀ ಅಪ್ಪಾರ. ಅದು ಖರೇನ ಇರಬಹುದು. ಆದರ ಓಣ್ಯಾಗ ಒಬ್ಬರೂ ನಂಬವಲ್ರು. ನಾನೂ ನಂಬವಲ್ಲೆ."

ಈ ಮಾತನ್ನು ಸೂಕ್ಷ್ಮವಾಗಿ ಗಮನಿಸಬೇಕು. ಅನ್ಯಾಯವಾಯಿತೆಂದು ಅವರು ದೂರಲಿಲ್ಲ. ಸಮೀಕ್ಷೆಗೆ ಬಂದ ನೌಕರನು ಪ್ರಾಮಾಣಿಕನೇ ಇದ್ದಿರಬಹುದು. ಗೋಡೆಯನ್ನು ಸರಿಯಾಗಿ ಅಳೆದೇ ಬರೆದಿರಬಹುದು. ಅವರ ದುಃಖ ಬೇರೆ: ನ್ಯಾಯವೇ ನಡೆದಿದ್ದರೂ ಅದನ್ನು ನ್ಯಾಯವೆಂದು ನಂಬುವ ಶಕ್ತಿಯನ್ನು ಊರು ಕಳೆದುಕೊಂಡಿತ್ತು. 'ಎ' ಬಂದವನನ್ನು ಕಂಡರೆ "ಯಾರಿಂದ ಹೇಳಿಸಿದ?" ಎಂಬ ಪ್ರಶ್ನೆ, 'ಸಿ' ಬಂದವನಿಗೆ "ಯಾರನ್ನೂ ಹಿಡಿಯಲಿಲ್ಲವೆ?" ಎಂಬ ಸಂತಾಪ. ಗೋಡೆ ಎಷ್ಟು ಬಿದ್ದಿದೆ ಎಂಬುದನ್ನು ಕೇಳುವವರೇ ಇಲ್ಲ! ರಾಜಕೀಯ ಪ್ರಭಾವವು ಮಾಡುವ ಮೊದಲ ಹಾನಿ ಇದೇ. ಅದು ಹತ್ತು ತೀರ್ಮಾನಗಳನ್ನು ಕೆಡಿಸುವುದರೊಡನೆ, ಕೆಡದೆ ಉಳಿದ ತೊಂಬತ್ತು ತೀರ್ಮಾನಗಳ ಮೇಲಣ ವಿಶ್ವಾಸವನ್ನೂ ಕೆಡಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಪ್ರಜಾಪ್ರಭುತ್ವದಲ್ಲಿ ಅಧಿಕಾರ ಪ್ರಜೆಗಳದು. ಪ್ರಜೆಗಳು ಆರಿಸಿ ಕಳಿಸಿದವರು ಜನಪ್ರತಿನಿಧಿಗಳು. ಪರೀಕ್ಷೆ ಬರೆದು ಬಂದ ಅಧಿಕಾರಿಯನ್ನು ಯಾರೂ ಆರಿಸಿಲ್ಲ. ಹಾಗಿರುವಾಗ ಶಾಸಕನ ಮಾತನ್ನು ಮೀರಿ ನಿಲ್ಲಲು ಆತನಿಗೆ ಯಾವ ನೈತಿಕ ಅಧಿಕಾರ? ಇದು ತಳ್ಳಿಹಾಕತಕ್ಕ ಪ್ರಶ್ನೆಯಲ್ಲ. ನೌಕರಶಾಹಿಯು ಜನರ ಇಚ್ಛೆಗೆ ಕಿವುಡಾದರೆ ಅದೂ ಒಂದು ದಬ್ಬಾಳಿಕೆಯೇ. ಆದರೆ ಈ ಪ್ರಶ್ನೆಗೆ ಉತ್ತರ ಒಂದು ಸರಳವಾದ ಭೇದದಲ್ಲಿದೆ. ನಿಯಮವನ್ನು ಮಾಡುವುದು ಬೇರೆ. ನಿಯಮದೊಳಗೆ ಹೆಸರನ್ನು ತುಂಬುವುದು ಬೇರೆ. ಬಿದ್ದ ಮನೆಗೆ ಎಷ್ಟು ಹಣ ಕೊಡಬೇಕು, ಯಾವುದನ್ನು ಬಿದ್ದ ಮನೆ ಎನ್ನಬೇಕು, ಹಣವನ್ನು ಎಲ್ಲಿಂದ ತರಬೇಕು - ಇವೆಲ್ಲ ಜನಪ್ರತಿನಿಧಿಗಳು ಸದನದಲ್ಲಿ, ಸಂಪುಟದಲ್ಲಿ ನಿರ್ಣಯಿಸತಕ್ಕ ವಿಷಯಗಳು. ಅವನ್ನು ಒಪ್ಪದ ಅಧಿಕಾರಿಯೂ ತನ್ನ ಅಭಿಪ್ರಾಯವನ್ನು ಕಡತದಲ್ಲಿ ಬರೆದು, ಅನಂತರ ನಿಷ್ಠೆಯಿಂದ ಜಾರಿಗೆ ತರಬೇಕು. ಆದರೆ ಈ ಗೋಡೆ ಬಿದ್ದಿದೆಯೇ ಇಲ್ಲವೇ ಎಂಬುದಕ್ಕೆ ಬಹುಮತ ಬೇಕಿಲ್ಲ. ಗೋಡೆಗೆ ಪಕ್ಷವಿಲ್ಲ. ನಿಯಮವನ್ನು ಮಾಡುವವನು ತನಗೆ ಮತ ಹಾಕಿದವರಿಗೂ ಹಾಕದವರಿಗೂ ಒಟ್ಟಾಗಿ ಮಾಡುತ್ತಾನೆ; ಹೆಸರು ತುಂಬಲು ಹೊರಟ ಕ್ಷಣವೇ ಆತನು ಪ್ರತಿನಿಧಿತ್ವವನ್ನು ಬಿಟ್ಟು ಯಜಮಾನಿಕೆಗೆ ಇಳಿಯುತ್ತಾನೆ.

ಈ ಭೇದವನ್ನು ಕಂಡುಕೊಳ್ಳಲು ಜಗತ್ತು ಬಹಳ ಬೆಲೆ ತೆತ್ತಿದೆ. ಇಂಗ್ಲೆಂಡಿನಲ್ಲಿ ದೊಡ್ಡವರ ಮನೆಯ ಮಕ್ಕಳಿಗೆ ಸರಕಾರಿ ಹುದ್ದೆಗಳು ಕೃಪೆಯಾಗಿ ದೊರೆಯುತ್ತಿದ್ದ ಕಾಲದಲ್ಲಿ, ೧೮೫೪ರಲ್ಲಿ ನಾರ್ತ್‌ಕೋಟ್ ಮತ್ತು ಟ್ರೆವೆಲ್ಯನ್ ಎಂಬಿಬ್ಬರು ಸಲ್ಲಿಸಿದ ವರದಿಯು ಸ್ಪರ್ಧಾಪರೀಕ್ಷೆಯ ಮಾರ್ಗವನ್ನು ತೋರಿಸಿತು. ಅಮೆರಿಕದಲ್ಲಿ ಗೆದ್ದ ಪಕ್ಷವು ಹುದ್ದೆಗಳನ್ನು ತನ್ನವರಿಗೆ ಹಂಚುವುದು ರೂಢಿಯೇ ಆಗಿತ್ತು. ೧೮೮೧ರಲ್ಲಿ ಹುದ್ದೆ ಸಿಗದೆ ನಿರಾಶನಾದವನೊಬ್ಬನು ಅಧ್ಯಕ್ಷ ಗಾರ್‌ಫೀಲ್ಡರನ್ನೇ ಗುಂಡಿಕ್ಕಿದ ಮೇಲೆ ಆ ದೇಶದ ಕಣ್ಣು ತೆರೆಯಿತು. ೧೮೮೩ರಲ್ಲಿ ಪೆಂಡಲ್ಟನ್ ಕಾಯಿದೆ ಬಂದಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ೧೮೯೧ರಲ್ಲಿ, ಸಿವಿಲ್ ಸರ್ವಿಸ್ ಸ್ಪರ್ಧಾಪರೀಕ್ಷೆ ಆರಂಭವಾಯಿತು. ಸ್ವತಂತ್ರ ಭಾರತದ ಸೇವೆಗಳಿಗೆ ಬುನಾದಿ ಹಾಕಿದವರು ಸರದಾರ ಪಟೇಲರು. ೧೯೪೭ರ ಏಪ್ರಿಲ್ ೨೧ರಂದು ದೆಹಲಿಯ ಮೆಟ್ಕಾಫ್ ಹೌಸಿನಲ್ಲಿ ಹೊಸ ಸೇವೆಯ ಅಭ್ಯರ್ಥಿಗಳನ್ನುದ್ದೇಶಿಸಿ ಮಾತನಾಡಿದ ಅವರು, ೧೯೪೯ರ ಅಕ್ಟೋಬರ್ ೧೦ರಂದು ಸಂವಿಧಾನಸಭೆಯಲ್ಲಿ, ಮನಸ್ಸಿಗೆ ಸರಿಕಂಡುದನ್ನು ನಿರ್ಭಯವಾಗಿ ಹೇಳಬಲ್ಲ ಸೇವೆಯಿಲ್ಲದೆ ಒಕ್ಕೂಟ ಉಳಿಯಲಾರದೆಂದು ವಾದಿಸಿದರು. ಆ ಸದನದಲ್ಲಿ ಕುಳಿತಿದ್ದವರಲ್ಲಿ ಅನೇಕರನ್ನು ಅದೇ ಹಳೆಯ ಅಧಿಕಾರಿಗಳು ಸೆರೆಮನೆಗೆ ಕಳಿಸಿದ್ದರು. ಆದರೂ ಪಟೇಲರು ಹಗೆಯನ್ನು ನೋಡಲಿಲ್ಲ. ರಾಜ್ಯದ ಹಿತವನ್ನು ನೋಡಿದರು.

ಸಂವಿಧಾನದ ೩೧೧ನೆಯ ಅನುಚ್ಛೇದವು ನೌಕರನನ್ನು ವಿಚಾರಣೆಯಿಲ್ಲದೆ ವಜಾ ಮಾಡದಂತೆ ರಕ್ಷಣೆ ನೀಡಿದೆ. ಆದರೆ ಪ್ರಭಾವ ಬೀರುವವರು ಈ ಕೋಟೆಯ ಹಿಂಬಾಗಿಲನ್ನು ಬೇಗನೆ ಕಂಡುಕೊಂಡರು. ವಜಾ ಮಾಡುವುದು ಶಿಕ್ಷೆ. ಅದಕ್ಕೆ ಕಾರಣ ಬೇಕು, ವಿಚಾರಣೆ ಬೇಕು. ವರ್ಗಾವಣೆ ಶಿಕ್ಷೆಯಲ್ಲ, ಅದಕ್ಕೆ 'ಆಡಳಿತಾತ್ಮಕ ಕಾರಣ' ಎಂಬ ಎರಡು ಶಬ್ದಗಳು ಸಾಕು. ಹೀಗೆ ಶಿಕ್ಷೆಯೆಂಬ ಹೆಸರಿಲ್ಲದ್ದೇ ಅತ್ಯಂತ ಕಠಿಣವಾದ ಶಿಕ್ಷೆಯಾಯಿತು. ಮಗಳ ಪರೀಕ್ಷೆ ಎರಡು ತಿಂಗಳಿರುವಾಗ, ತಾಯಿ ಹಾಸಿಗೆ ಹಿಡಿದಿರುವಾಗ, ಐನೂರು ಕಿಲೋಮೀಟರು ದೂರಕ್ಕೆ ಹೋಗೆಂಬ ಆಜ್ಞೆಯ ಭಯವೇ ಅನೇಕರ ಬೆನ್ನೆಲುಬನ್ನು ಬಾಗಿಸಲು ಸಾಕಾಗುತ್ತದೆ.

ಬೆನ್ನೆಲುಬು ಬಾಗಿದರೆ ಏನಾಗುವುದೆಂಬುದನ್ನು ದೇಶವು ೧೯೭೫ರ ಜೂನ್‌ದಿಂದ ೧೯೭೭ರ ಮಾರ್ಚ್‌ವರೆಗಿನ ತುರ್ತುಪರಿಸ್ಥಿತಿಯಲ್ಲಿ ಕಂಡಿತು. ಅನಂತರ ನೇಮಕವಾದ ನ್ಯಾಯಮೂರ್ತಿ ಶಾ ಆಯೋಗದ ವರದಿಗಳಲ್ಲಿ, ಬಾಯಿಮಾತಿನ ಆಜ್ಞೆಗಳಿಗೆ ತಲೆಬಾಗಿ ಕಾಯಿದೆಬಾಹಿರ ಕೃತ್ಯಗಳಿಗೆ ಸಹಿ ಹಾಕಿದ ಅಧಿಕಾರಿಗಳ ಚಿತ್ರ ದೊರೆಯುತ್ತದೆ. ಅವರೆಲ್ಲರೂ ದುಷ್ಟರಾಗಿರಲಿಲ್ಲ, "ನಾವು ತಟಸ್ಥರು, ಹೇಳಿದ್ದನ್ನು ಮಾಡುವವರು" ಎಂದು ತಮ್ಮನ್ನು ಸಮಾಧಾನಪಡಿಸಿಕೊಂಡವರೇ ಅವರಲ್ಲಿ ಬಹುಮಂದಿ ಇದ್ದಿರಬೇಕು. ಆದ್ದರಿಂದ ತಟಸ್ಥತೆಯನ್ನೂ ನಿಷ್ಪಕ್ಷಪಾತವನ್ನೂ ಒಂದೆಂದು ತಿಳಿಯಬಾರದು. ತಟಸ್ಥನು ದಡದಲ್ಲಿ ನಿಂತು ನೋಡುವವನು. ನಿಷ್ಪಕ್ಷಪಾತಿಯು ನೀರಿಗಿಳಿದು, ಮುಳುಗುತ್ತಿರುವವನ ಕುಲ ಕೇಳದೆ ಕೈಹಿಡಿಯುವವನು. ತಟಸ್ಥತೆಗೆ ಧೈರ್ಯ ಬೇಕಿಲ್ಲ. ನಿಷ್ಪಕ್ಷಪಾತಕ್ಕೆ ಧೈರ್ಯವೇ ಪ್ರಾಣ.

ಆಡಳಿತ ಸುಧಾರಣೆಯನ್ನು ಕುರಿತು ದೇಶದಲ್ಲಿ ಎರಡು ಆಯೋಗಗಳಾದವು. ೧೯೬೬ರಲ್ಲಿ ರಚಿತವಾದ ಮೊದಲನೆಯದರ ಅಧ್ಯಕ್ಷತೆಯನ್ನು ಮೊರಾರ್ಜಿ ದೇಸಾಯಿಯವರ ತರುವಾಯ ನಮ್ಮ ಕೆಂಗಲ್ ಹನುಮಂತಯ್ಯನವರೂ, ೨೦೦೫ರ ಎರಡನೆಯದರ ಅಧ್ಯಕ್ಷತೆಯನ್ನು ವೀರಪ್ಪ ಮೊಯಿಲಿಯವರೂ ವಹಿಸಿದರೆಂಬುದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ೨೦೦೬ರಲ್ಲಿ ಪ್ರಕಾಶ್ ಸಿಂಗ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪೋಲೀಸ್ ಅಧಿಕಾರಿಗಳಿಗೆ ನಿಶ್ಚಿತ ಅವಧಿಯಿರಬೇಕೆಂದು ವಿಧಿಸಿತು. ೨೦೧೩ರ ಅಕ್ಟೋಬರ್ ೩೧ರಂದು, ನಿವೃತ್ತ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹೂಡಿದ್ದ ಮೊಕದ್ದಮೆಯಲ್ಲಿ, ವರ್ಗಾವಣೆಗೆ ಸಿವಿಲ್ ಸೇವಾ ಮಂಡಳಿ ಇರಬೇಕು, ಕನಿಷ್ಠ ಅವಧಿ ಇರಬೇಕು, ಬಾಯಿಮಾತಿನ ಆಜ್ಞೆಯನ್ನು ಅಧಿಕಾರಿಯು ಬರೆಹದಲ್ಲಿ ದಾಖಲಿಸಬೇಕು ಎಂದು ಅದೇ ನ್ಯಾಯಾಲಯ ನಿರ್ದೇಶಿಸಿತು. ತೀರ್ಪುಗಳೇನೋ ಉತ್ತಮವಾಗಿಯೇ ಇವೆ. ಆದರೆ ತೀರ್ಪು ನಡತೆಯಾಗಬೇಕಾದರೆ ಸಮಾಜದ ಮನಸ್ಸು ಅದಕ್ಕೆ ಒಗ್ಗಬೇಕು. ಇಲ್ಲಿಗೆ ನಾವು ನಮ್ಮ ಬಾಗಿಲಿಗೇ ಬಂದು ನಿಲ್ಲುತ್ತೇವೆ.

ಸದ್ಭಕ್ತರೇ, ರಾಜಕಾರಣಿಗಳನ್ನು ದೂಷಿಸುವುದು ಸುಲಭ. ಆದರೆ ರಾಜಕಾರಣಿಯ ಮನೆಯ ಮುಂದೆ ಬೆಳಗಿನ ಆರು ಗಂಟೆಗೆ ಸಾಲುಗಟ್ಟಿ ನಿಂತವರು ಯಾರು? ಅವರ ಕೈಯಲ್ಲಿದ್ದ ಪತ್ರಗಳನ್ನು ಬರೆದುಕೊಟ್ಟವರು ಯಾರು? ಈ ಪ್ರಶ್ನೆಗೆ ಉತ್ತರವಾಗಿ ನಮ್ಮದೇ ಒಂದು ತಪ್ಪನ್ನು ಇಲ್ಲಿ ನಿವೇದಿಸುವುದು ಕರ್ತವ್ಯವೆಂದು ತಿಳಿದಿದ್ದೇವೆ.

ಕಾಶಿಯಲ್ಲಿ ಶಾಸ್ತ್ರಾಭ್ಯಾಸವನ್ನೂ ಧಾರವಾಡದಲ್ಲಿ ತತ್ತ್ವಶಾಸ್ತ್ರದ ಅಧ್ಯಯನವನ್ನೂ ಮುಗಿಸಿ ನಾವು ಪೀಠಕ್ಕೆ ಬಂದ ಹೊಸತು. ನಿಷ್ಠಾವಂತ ಭಕ್ತರೊಬ್ಬರು ಬಂದು, ದೂರದ ಜಿಲ್ಲೆಯಲ್ಲಿದ್ದ ತಮ್ಮ ಮಗನನ್ನು ಸಮೀಪದ ಕಚೇರಿಗೆ ತರಿಸಲು ಒಂದು ಪತ್ರ ಬೇಕೆಂದರು. ವೃದ್ಧ ತಂದೆತಾಯಿಗಳ ಸೇವೆಯಾಗುತ್ತದಲ್ಲವೇ, ಇದರಲ್ಲಿ ಯಾವ ದೋಷವೆಂದು ನಾವು ಬರೆದುಕೊಟ್ಟೆವು. ಹದಿನೈದು ದಿನಗಳಲ್ಲಿ ಕೆಲಸವಾಯಿತು. ಭಕ್ತರು ಫಲಪುಷ್ಪಗಳೊಡನೆ ಬಂದು, ಇದು ಮಠದ ಮಹಿಮೆ ಎಂದರು. ನಮಗೂ ಒಳಗೊಳಗೆ ಸಂತೋಷವಾಗದಿರಲಿಲ್ಲ. ತಿಂಗಳು ಕಳೆದ ಮೇಲೆ, ಪ್ರಸಾದದ ವೇಳೆಗೆ ಒಬ್ಬ ಹೆಣ್ಣುಮಗಳು ಮಗುವನ್ನೆತ್ತಿಕೊಂಡು ಬಂದಳು. ಆ ಸ್ಥಳದಲ್ಲಿ ಅದುವರೆಗೆ ಇದ್ದವಳು ಅವಳೇ. ನಮ್ಮವರಿಗೆ ಜಾಗ ಮಾಡಿಕೊಡಲು ಅವಳನ್ನು ದೂರಕ್ಕೆ ಕಳಿಸಲಾಗಿತ್ತು. ಸಿಟ್ಟಿನ ಒಂದು ಶಬ್ದವೂ ಅವಳ ಬಾಯಿಂದ ಬರಲಿಲ್ಲ. ಕೇಳಿದ್ದು ಇಷ್ಟೇ: "ಅಪ್ಪಾರ, ನಿಮ್ಮ ಪತ್ರಕ್ಕ ಎದರ ನಾ ಯಾರ ಪತ್ರ ತರಬೇಕ್ರೀ?"

ನಮ್ಮಲ್ಲಿ ಉತ್ತರವಿರಲಿಲ್ಲ. ನ್ಯಾಯಶಾಸ್ತ್ರವನ್ನು ಓದಿದ್ದೆವು, ನ್ಯಾಯದ ಮೊದಲ ಪಾಠ ಅಂದು ಆಯಿತು. ಪತ್ರ ಬರೆಯುವಾಗ ನಮ್ಮ ಕಣ್ಣಮುಂದೆ ಇದ್ದವನು ಬೇಡುವವನು ಮಾತ್ರ, ಕಳೆದುಕೊಳ್ಳುವವಳು ಕಾಣಿಸಿರಲಿಲ್ಲ. ನಾವು ದಯೆಯೆಂದು ತಿಳಿದುದು ಒಬ್ಬರ ದುಃಖವನ್ನು ಇನ್ನೊಬ್ಬರ ಮನೆಗೆ ಸಾಗಿಸುವ ಕೆಲಸವಾಗಿತ್ತು. ಸೇವೆಗೆ ಸಂಬಂಧಿಸಿದ ವಿಷಯಗಳಲ್ಲಿ ಮೇಲಧಿಕಾರಿಗಳ ಮೇಲೆ ಹೊರಗಿನವರ ಪ್ರಭಾವ ತರುವುದು ಸರಕಾರಿ ನೌಕರರ ನಡತೆ ನಿಯಮಗಳಲ್ಲಿಯೇ ನಿಷಿದ್ಧವೆಂಬುದು ನಮಗೆ ಅನಂತರ ತಿಳಿಯಿತು. ಎಂದರೆ, ಆಶೀರ್ವಾದವೆಂದು ಕೊಟ್ಟ ಕಾಗದದಿಂದ ಆ ತರುಣನನ್ನು ಅವನ ನಿಯಮದಿಂದಲೇ ಜಾರಿಸಿದ್ದೆವು! ಅದನ್ನು ಸರಿಪಡಿಸಲು ಮತ್ತೊಂದು ಪತ್ರ ಬರೆಯೋಣವೆಂದು ಮನಸ್ಸು ಹೊಯ್ದಾಡಿತು. ಬರೆದಿದ್ದರೆ ಮೂರನೆಯವರೊಬ್ಬರು ಎತ್ತಂಗಡಿಯಾಗುತ್ತಿದ್ದರು. ಆ ತಪ್ಪು ತಿದ್ದಲಾಗದೆ ಉಳಿಯಿತು; ಉಳಿದುದರಿಂದಲೇ ಅದು ಮರೆಯದೆಯೂ ಉಳಿದಿದೆ.

"ನಮ್ಮವರೊಬ್ಬರು ಕಚೇರಿಯಲ್ಲಿರಲಿ" ಎಂಬ ಆಸೆ ಎಲ್ಲ ಸಮಾಜಗಳಲ್ಲಿಯೂ ಇದೆ. ಇದರಲ್ಲಿ ಅರ್ಧ ನ್ಯಾಯವಿದೆ, ಅರ್ಧ ಮೋಹವಿದೆ. ಶತಮಾನಗಳ ಕಾಲ ವಿದ್ಯೆಯಿಂದ ದೂರವಿದ್ದವರಿಗೆ ಸರಕಾರಿ ಸೇವೆಯಲ್ಲಿ ಸ್ಥಾನ ದೊರೆಯುವುದು ನ್ಯಾಯ. ೧೯೧೮ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ನೇಮಿಸಿದ ಮಿಲ್ಲರ್ ಸಮಿತಿಯು ಹಿಂದುಳಿದ ಸಮಾಜಗಳ ಪ್ರಾತಿನಿಧ್ಯವನ್ನು ಎತ್ತಿಹಿಡಿದುದು ಇದಕ್ಕಾಗಿಯೇ. ನಮ್ಮ ಭಾಗದಲ್ಲಿ ಹಿರಿಯರು ಈ ಕೊರತೆಯನ್ನು ವಿದ್ಯೆಯಿಂದ ನೀಗಲು ಹೊರಟರು; ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆ ಅದಕ್ಕೆ ಸಾಕ್ಷಿ. ಅವರು ಮಕ್ಕಳ ಕೈಗೆ ಪುಸ್ತಕ ಕೊಟ್ಟರು, ಶಿಫಾರಸು ಪತ್ರ ಕೊಡಲಿಲ್ಲ. ನಮ್ಮ ಹುಡುಗನು ಕುರ್ಚಿಯನ್ನು ತಲುಪುವವರೆಗೆ ನಮ್ಮವನು; ಕುರ್ಚಿಯಲ್ಲಿ ಕುಳಿತ ಮೇಲೆ ಎಲ್ಲರವನು. ಕನ್ನಡ ಮರಾಠಿಗಳೆರಡೂ ಮನೆಮಾತಾಗಿರುವ ನಮ್ಮ ಗಡಿಸೀಮೆಯಲ್ಲಿ ಇದು ಇನ್ನೂ ಮುಖ್ಯ. ೧೯೫೬ರ ನವೆಂಬರ್ ೧ರಂದು ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಈ ನಾಡಿನಲ್ಲಿ, ಅರ್ಜಿ ಹಿಡಿದು ಬಂದವನ ಮಾತಿನ ಧಾಟಿಯನ್ನು ಕೇಳಿ ಕಡತದ ವೇಗ ಬದಲಾದರೆ, ಗಡಿಯು ಭೂಪಟವನ್ನು ಬಿಟ್ಟು ಮನಸ್ಸುಗಳ ನಡುವೆ ಬಂದು ನಿಲ್ಲುತ್ತದೆ.

ಬಸವಣ್ಣನವರು ಸ್ವತಃ ರಾಜಸೇವೆಯಲ್ಲಿದ್ದವರು. ಉಗಾರದಿಂದ ಬಹುದೂರವಲ್ಲದ ಮಂಗಳವೇಢೆಯಲ್ಲಿ ಕರಣಿಕರಾಗಿ, ಅನಂತರ ಬಿಜ್ಜಳನ ಭಂಡಾರಿಯಾಗಿ ದುಡಿದವರು. ಅರಮನೆಯ ಭಂಡಾರವನ್ನು ತಮ್ಮ ಶರಣರಿಗೆ ವೆಚ್ಚ ಮಾಡುತ್ತಿದ್ದಾರೆಂದು ಕೊಂಡೆಯರು ದೂರಿದಾಗ, ಎಣಿಸಿ ನೋಡಲು ಒಂದು ಹಣವೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಸಾರುತ್ತವೆ. ಪವಾಡದ ಅಂಶವನ್ನು ಬದಿಗಿಟ್ಟರೂ ತತ್ತ್ವ ಸ್ಪಷ್ಟವಾಗಿದೆ: ತನ್ನ ದಾಸೋಹಕ್ಕೆ ತನ್ನ ಕಾಯಕದ ಗಳಿಕೆ, ಅರಮನೆಯ ಕೀಲಿಕೈಯಿಂದಲ್ಲ. ಶರಣರು ಇನ್ನೂ ಒಂದು ದೊಡ್ಡ ಕಾರ್ಯವನ್ನು ಮಾಡಿದರು. ಇಷ್ಟಲಿಂಗವನ್ನು ಕರಸ್ಥಲದಲ್ಲಿಟ್ಟು, ದೇವರಿಗೂ ಭಕ್ತನಿಗೂ ನಡುವೆ ನಿಂತಿದ್ದ ಮಧ್ಯಸ್ಥನನ್ನು ತೆಗೆದುಹಾಕಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಅವರ ಅಂಗಳದಲ್ಲಿ ಸುಳ್ಳಾಯಿತು. ದೇವರ ಸನ್ನಿಧಿಗೇ ಶಿಫಾರಸು ಬೇಡವೆಂದ ಪರಂಪರೆಯವರು ತಾಲೂಕು ಕಚೇರಿಗೆ ಶಿಫಾರಸು ಹೊತ್ತು ಹೋಗುವುದು ಎಂಥ ವಿಪರ್ಯಾಸ! ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧದ ಹಣೆಯ ಮೇಲೆ ಸರಕಾರದ ಕೆಲಸ ದೇವರ ಕೆಲಸವೆಂದು ಬರೆದಿದೆ. ಅದು ದೇವರ ಕೆಲಸವೇ ಆಗಿದ್ದರೆ ಅಲ್ಲಿಯೂ ಮಧ್ಯಸ್ಥನು ಇರಕೂಡದು.

ಹಾಗಾದರೆ ದೀನರಿಗೆ ಸಹಾಯ ಮಾಡುವುದೇ ಬೇಡವೇ? ದಾಖಲೆಯಿಲ್ಲದ ವಿಧವೆ, ಅಕ್ಷರ ಬಾರದ ಮುದುಕ - ಇವರಿಗೆ ಕಚೇರಿಯ ಬಾಗಿಲು ತಾನಾಗಿ ತೆರೆಯುವುದಿಲ್ಲ. ನಿಯಮವೆಂಬ ಹೆಸರಿನಲ್ಲಿ ನಿರ್ದಯತೆ ನಡೆಯುವುದೂ ಉಂಟು. ಇಲ್ಲಿ ನಾವು ಮೂರು ಒರೆಗಲ್ಲುಗಳನ್ನು ಇಟ್ಟುಕೊಂಡಿದ್ದೇವೆ. ಬರೆಯುವ ಪತ್ರವನ್ನು ಊರ ಚಾವಡಿಯಲ್ಲಿ ಎಲ್ಲರೆದುರು ಓದಬಹುದೇ? ಅದು ನಿಯಮವನ್ನು ನೆನಪಿಸುತ್ತದೆಯೇ, ಇಲ್ಲವೆ ಹೆಸರನ್ನು ತುರುಕುತ್ತದೆಯೇ? ಅದರಿಂದ ಇನ್ನೊಬ್ಬರ ಪಾಲು ತಪ್ಪುತ್ತದೆಯೇ? ಆ ವಿಧವೆಗೆ ಪಿಂಚಣಿ ಸಲ್ಲತಕ್ಕದ್ದು, ಅರ್ಜಿ ಆರು ತಿಂಗಳಿಂದ ಬಾಕಿಯಿದೆ, ಕಾರಣ ತಿಳಿಸಿರಿ ಎಂಬ ಪತ್ರ ಮೂರು ಒರೆಗಳಲ್ಲಿಯೂ ನಿಲ್ಲುತ್ತದೆ; ಅದು ಧರ್ಮ. ಇಂಥವನನ್ನು ಇಂಥಲ್ಲಿಗೆ ಹಾಕಿರಿ ಎಂಬ ಪತ್ರ ಮೂರರಲ್ಲಿಯೂ ಸೋಲುತ್ತದೆ; ಅದು ಎಷ್ಟೇ ಮೃದುವಾದ ಮಾತಿನಲ್ಲಿದ್ದರೂ ಅಧರ್ಮ.

ಶಿಫಾರಸಿಲ್ಲದೆ ಲೋಕ ನಡೆಯದೆಂಬ ನಿರಾಶೆಯೂ ಸಲ್ಲದು. ೧೯೯೪ರಲ್ಲಿ ನಮ್ಮ ರಾಜ್ಯದಲ್ಲಿ ವೃತ್ತಿಶಿಕ್ಷಣಕ್ಕೆ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಾಗ, ಒಕ್ಕಲಿಗನ ಮಗನೂ ಯಾರ ಮನೆಯ ಮೆಟ್ಟಿಲನ್ನೂ ಹತ್ತದೆ ತನ್ನ ಅಂಕಗಳಿಂದಲೇ ಸೀಟು ಪಡೆಯುವಂತಾಯಿತು. ೨೦೦೭ರ ಕಾಯಿದೆಯ ಮೂಲಕ ಶಿಕ್ಷಕರ ವರ್ಗಾವಣೆಗೆ ಬಹಿರಂಗ ಕೌನ್ಸೆಲಿಂಗ್ ಪದ್ಧತಿ ಬಂದಮೇಲೆ, ಮಠಕ್ಕೆ ಆ ಪತ್ರಗಳಿಗಾಗಿ ಬರುವ ಶಿಕ್ಷಕರ ಸಂಖ್ಯೆ ಕಡಿಮೆಯಾದುದನ್ನು ನಾವೇ ಕಂಡಿದ್ದೇವೆ. ೨೦೧೨ರಿಂದ ಜಾರಿಗೆ ಬಂದ 'ಸಕಾಲ'ವು ಇಷ್ಟು ದಿನಗಳಲ್ಲಿ ಕೆಲಸವಾಗಬೇಕೆಂದು ಕಚೇರಿಗಳಿಗೆ ಗಡುವು ವಿಧಿಸಿತು. ಇವು ನಿರ್ದೋಷವೆಂದು ಹೇಳುತ್ತಿಲ್ಲ. ಆದರೆ ಸರದಿ ಎಲ್ಲರ ಕಣ್ಣಿಗೆ ಕಾಣುವಂತಿದ್ದರೆ ಸೋತವನೂ ಒಪ್ಪುತ್ತಾನೆ ಎಂಬುದನ್ನು ಇವು ಕಲಿಸುತ್ತವೆ.

ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿ ಇಂದು ಅಧಿಕಾರದಲ್ಲಿರುವ ಮಕ್ಕಳಿಗೆ ಒಂದು ಮಾತು. ಬಾಯಿಮಾತಿನ ಆಜ್ಞೆ ಬಂದಾಗ "ದಯವಿಟ್ಟು ಬರೆದು ಕೊಡಿರಿ" ಎನ್ನುವುದು ಉದ್ಧಟತನವಲ್ಲ, ನಿಮ್ಮ ಕಾಯಕದ ಮರ್ಯಾದೆ. ಇದಕ್ಕೆ ಬೆಲೆ ತೆರಬೇಕಾದೀತು. ತೆರಬೇಕಾಗದೆಂದು ನಾವು ಸುಳ್ಳು ಅಭಯ ಕೊಡಲಾರೆವು. ಆದರೆ ಮಠದ ಹೆಸರಿನಲ್ಲಿ ಯಾರಾದರೂ ನಿಮ್ಮ ಬಳಿಗೆ ಬಂದರೆ, ನಮ್ಮ ಸಹಿಯೇ ಇದ್ದರೂ ಸರಿ, ನಿಯಮದಂತೆ ಮಾಡಿರಿ. ಅದರಿಂದ ನಮಗೆ ಸಂತೋಷವೇ ಆಗುವುದು. ಮಠವು ಇಂಥ ಪತ್ರಗಳನ್ನು ನಿಲ್ಲಿಸಿ ವರ್ಷಗಳಾದವು. ಕೆಲವು ಭಕ್ತರು ಮುನಿಸಿಕೊಂಡರು, ಕೆಲವರು ಬರುವುದನ್ನೇ ಬಿಟ್ಟರು. ಅವರ ನೋವು ನಮಗೆ ಅರ್ಥವಾಗುತ್ತದೆ: ಎಲ್ಲರೂ ಪತ್ರ ತರುವ ಲೋಕದಲ್ಲಿ ತಾನೊಬ್ಬನೇ ಬರಿಗೈಯಲ್ಲಿ ನಿಲ್ಲುವುದು ಕಷ್ಟ. ಆದರೆ ಯಾರಾದರೊಬ್ಬರು ಮೊದಲು ಬರಿಗೈಯಲ್ಲಿ ನಿಲ್ಲದೆ ಆ ಲೋಕ ಬದಲಾಗದು.

ಉಗಾರ ಬುದ್ರುಕದ ಆ ಹಿರಿಯರು ಬಯಸಿದ್ದು 'ಎ' ವರ್ಗವನ್ನಲ್ಲ. ತಮ್ಮ ಮನೆಗೆ ಬರೆದ 'ಸಿ' ಎಂಬ ಅಕ್ಷರವನ್ನು ನಂಬಲು ಬಯಸಿದರು. ಕೃಷ್ಣೆ ಮತ್ತೆ ಉಕ್ಕುವುದು ಅವಳ ಕೈಯಲ್ಲಿದೆ. ನೀರಿಳಿದ ಮೇಲೆ ಬರೆಯುವ ಪಟ್ಟಿಯನ್ನು ಊರೆಲ್ಲ ನಂಬುವಂತೆ ಮಾಡುವುದು ನಮ್ಮೆಲ್ಲರ ಕೈಯಲ್ಲಿದೆ. ಆ ಸದ್ಬುದ್ಧಿಯನ್ನೂ ಅದಕ್ಕೆ ಬೇಕಾದ ಧೈರ್ಯವನ್ನೂ ಪರಶಿವನು ಸರ್ವರಿಗೂ ಕರುಣಿಸಲೆಂದು ಹಾರೈಸುತ್ತೇವೆ.